ಕೈ ಮಾತ್ರ ಅವ್ವನದು

ನಮ್ಮ ಮನೆಯಲ್ಲಿ ಕರಿ ಅನ್ನಿಸಿಕೊಂಡದ್ದು ಎರಡೇ, ಒಲೆಯ ಮೇಲಿನ ರೊಟ್ಟಿಯ ಹಂಚು ಮತ್ತು ನಾನು. ಈ ಮಾತು ಹುಟ್ಟಿಸಿದವನು ನನ್ನ ಅಣ್ಣ. ಅವನ ವಯಸ್ಸಿನ ಹುಡುಗರಿಗೆ ಅಷ್ಟೇ ಬುದ್ಧಿ, ಬೈದು ಫಲವಿಲ್ಲ. ಆದರೆ ಮಾತು ಮನೆಯಲ್ಲಿ ಉಳಿದುಬಿಟ್ಟಿತು. ಬಂದ ನೆಂಟರೂ ಅದನ್ನೇ ಹೇಳಿ ನಗುತ್ತಿದ್ದರು. ನಾನೂ ನಕ್ಕಂತೆ ಮಾಡಿ ಒಳಗೆ ಹೋಗುತ್ತಿದ್ದೆ.

ಅಪ್ಪ ಕೆಂಪಗಿದ್ದರು. ನಮ್ಮ ಕಡೆ ಬೆಳ್ಳಗಿದ್ದವರನ್ನು ಕೆಂಪಗಿದ್ದಾರೆ ಅಂತಲೇ ಅನ್ನುವುದು. ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಇನ್ನೂ ಕೆಂಪಗಿದ್ದಳು. ಬಿಸಿಲಿಗೆ ಹೋಗಿ ಬಂದರೆ ಅವಳ ಕೆನ್ನೆಯಲ್ಲಿ ರಕ್ತ ಕಾಣುತ್ತಿತ್ತು. ಅಣ್ಣನೂ ಅವರ ಹಾಗೆಯೇ. ಈ ಮೂವರ ನಡುವೆ ನಾನು ಎಲ್ಲಿಂದ ಬಂದೆ ಎಂದು ಕೇಳಿದಾಗಲೆಲ್ಲ ಅಜ್ಜಿಯ ಉತ್ತರ ಸಿದ್ಧವಿರುತ್ತಿತ್ತು.

"ನಿನ್ನ ಬಸರಿದ್ದಾಗ ನಿಮ್ಮವ್ವ ಗ್ರಹಣದಾಗ ಹೊರಗ ಬಂದಿದ್ಲು. ಅದಕ್ಕ ನೀ ಹಿಂಗ ಆದಿ. ಆಕಿ ಅಂತೂ ಕೇದಗಿ ಹಂಗ ಇದ್ಲು."

ಅವ್ವ ನನಗೆ ನೆನಪಿಲ್ಲ. ಊರೂರನ್ನೇ ಮಲಗಿಸಿದ ಆ ದೊಡ್ಡ ಜ್ವರದ ವರ್ಷ ಧಾರವಾಡದಲ್ಲಿ ತೀರಿಕೊಂಡಳು. ನಾನಾಗ ಇನ್ನೂ ತೊದಲು ಮಾತಿನ ಕೂಸು. ಅವಳ ತವರಿನವರೂ ಅದೇ ಜ್ವರದಲ್ಲಿ ಹೋದರು. ಆಮೇಲೆ ಅಪ್ಪ ಧಾರವಾಡವನ್ನೇ ಬಿಟ್ಟು, ಖಡಕಿಯ ಕಾರ್ಖಾನೆಯೊಂದರಲ್ಲಿ ನಕಾಶೆ ಬರೆಯುವ ಕೆಲಸ ಹಿಡಿದು, ನಮ್ಮನ್ನೆಲ್ಲ ಪುಣೆಯ ಸದಾಶಿವ ಪೇಠೆಯ ಒಂದು ವಾಡೆಗೆ ತಂದರು. ವಾಡೆಯ ಯಾರೂ ಅವ್ವನನ್ನು ಕಂಡವರಲ್ಲ. ಅಣ್ಣನಿಗೆ ಅವಳ ಬಳೆಯ ಸದ್ದು ನೆನಪಿತ್ತು, ಮುಖ ನೆನಪಿರಲಿಲ್ಲ. ಅಪ್ಪನನ್ನು ಕೇಳಿದರೆ, "ಅಜ್ಜಿ ಹೇಳ್ಯಾಳಲ್ಲಾ, ಮತ್ತೇನು?" ಎಂದು ಪತ್ರಿಕೆಯನ್ನು ಮುಖಕ್ಕೆ ಹಿಡಿಯುತ್ತಿದ್ದರು.

ಓದುವವರಿಗೆ ಇದು ಸಣ್ಣ ಸಂಗತಿ ಅನ್ನಿಸೀತು. ನನಗೆ ಸಣ್ಣದಾಗಿರಲಿಲ್ಲ. ಅವ್ವ ಕೇದಗೆಯಂತಿದ್ದಳು ಅನ್ನುವುದಾದರೆ ನನ್ನ ಬಣ್ಣ ಯಾರದೂ ಅಲ್ಲ, ಗ್ರಹಣದ್ದು. ಅವ್ವ ನನ್ನ ಹಾಗಿದ್ದಳು ಅನ್ನುವುದಾದರೆ ನಾನು ಆ ಮನೆಯಲ್ಲಿ ಒಬ್ಬರ ಮಗಳು. ಕನ್ನಡಿಯ ಮುಂದೆ ನಿಂತು ಹೆರಳು ಹಾಕಿಕೊಳ್ಳುವಾಗೆಲ್ಲ ನನ್ನ ತಲೆಯಲ್ಲಿ ಇದೊಂದೇ ಪ್ರಶ್ನೆ. ಕೇಳಲು ಜನರೇ ಉಳಿದಿರಲಿಲ್ಲ.

ಅವ್ವನ ಒಂದೇ ಒಂದು ಫೋಟೋ ಇತ್ತು. ಮದುವೆಯಾದ ಹೊಸತರಲ್ಲಿ ಬೆಳಗಾವಿಯಲ್ಲಿ ತೆಗೆಸಿದ್ದು. ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಕುರ್ಚಿಯ ಬೆನ್ನಿನ ಮೇಲೆ ಬಲಗೈ ಇಟ್ಟು ನಿಂತಿದ್ದಾಳೆ. ಆ ಫೋಟೋದಲ್ಲಿ ಅವಳ ಮುಖ ನಿಜವಾಗಿಯೂ ಬೆಳ್ಳಗಿದೆ. ಅಜ್ಜಿ ಅದನ್ನು ಸಾಕ್ಷಿಯಾಗಿ ತೋರಿಸುತ್ತಿದ್ದಳು. ನಾನು ಎಷ್ಟು ನೋಡಿದರೂ ಆ ಮುಖದಲ್ಲಿ ಸಿಕ್ಕಿದ್ದು ಬೆಳ್ಳಗಿನ ಒಬ್ಬ ಹೆಂಗಸು ಮಾತ್ರ.

ನಾನು ಮದುವೆಗೆ ಬಂದೆ. ಕನ್ಯಾ ನೋಡಲು ಜನ ಬರತೊಡಗಿದರು. ಬರುತ್ತಿದ್ದರು, ಅವಲಕ್ಕಿ ತಿನ್ನುತ್ತಿದ್ದರು, ಹಾಡು ಹೇಳಿಸುತ್ತಿದ್ದರು, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಿದ್ದರು. ತಿಳಿಸುತ್ತಿರಲಿಲ್ಲ. ಅಜ್ಜಿ ವಿಧವೆ, ಕೆಂಪು ಸೀರೆಯ ಮಡಿ ಹೆಂಗಸು. ಇಂಥ ಶುಭಕಾರ್ಯದ ಹೊತ್ತಿನಲ್ಲಿ ಅವಳು ಮುಂದೆ ಬರುವಂತಿರಲಿಲ್ಲ. ನಡುಮನೆಯ ಬಾಗಿಲ ಮರೆಯಲ್ಲಿ ಮಣೆ ಹಾಕಿಕೊಂಡು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ಒಬ್ಬಾಕೆ ಮೆಟ್ಟಿಲು ಇಳಿಯುತ್ತ, "ಹುಡುಗಿ ಶ್ಯಾಣ್ಯಾ ಇದ್ದಾಳ, ಆದ್ರ ಮೊಮ್ಮಕ್ಕಳ ವಿಚಾರನೂ ಮಾಡಬೇಕಲ್ಲಾ" ಎಂದದ್ದು ಅವಳ ಕಿವಿಗೆ ಬಿತ್ತು. ಅವತ್ತು ಸಂಜೆಯೇ ಅಜ್ಜಿ ಅಪ್ಪನನ್ನು ಕರೆದು ಹೇಳಿದಳು.

"ಆಕಿದೊಂದು ದೊಡ್ಡ ಚಿತ್ರ ಬರಸು, ಎಣ್ಣಿ ಬಣ್ಣದ್ದು. ಹೊರಗಿನ ಖೋಲ್ಯಾಗ ಹಾಕೂಣು. ಬಂದವರ ಕಣ್ಣಿಗೆ ಬೀಳಲಿ, ತಾಯಿ ಎಷ್ಟು ಕೆಂಪ ಇದ್ಲು ಅಂತ. ಆಮ್ಯಾಲೆ ಮೊಮ್ಮಕ್ಕಳ ಮಾತು ತಗೀಲಿ ನೋಡೂಣು."

ಅಂದಿನ ಪುಣೆಯಲ್ಲಿ ಇದೇನು ಹೊಸತಲ್ಲ. ದೊಡ್ಡ ವಾಡೆಗಳ ದಿವಾಣಖಾನೆಗಳಲ್ಲಿ ತೀರಿಹೋದ ಹಿರಿಯರೆಲ್ಲ ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ಸಾಲಾಗಿ ಕೂತಿರುತ್ತಿದ್ದರು. ವಿಚಿತ್ರವೆಂದರೆ ಅವರಲ್ಲಿ ಒಬ್ಬರೂ ಕಪ್ಪಗಿರಲಿಲ್ಲ. ಮೊಮ್ಮಕ್ಕಳು ಕೆಳಗೆ ಕಪ್ಪಗೆ ಓಡಾಡುತ್ತಿದ್ದರು, ಅಜ್ಜಂದಿರು ಗೋಡೆಯ ಮೇಲೆ ಹಾಲಿನಂತೆ ಕೂತಿದ್ದರು. ಸಾವು ಬಂದರೆ ಬಣ್ಣವೂ ಬರುತ್ತದೆ ಅಂತ ನಾನು ಆಗ ಅಂದದ್ದುಂಟು. ಅಜ್ಜಿಯಿಂದ ಬೈಸಿಕೊಂಡದ್ದೂ ಉಂಟು.

ಚಿತ್ರ ಬರೆಯುವ ಮಾಸ್ತರರು ಶನಿವಾರ ಪೇಠೆಯಲ್ಲಿ ಮಾಳಿಗೆಯ ಮೇಲೆ ಇದ್ದರು. ಬೆಳಗಾವಿ ಕಡೆಯವರು, ಮುಂಬಯಿಯಲ್ಲಿ ಕಲಿತು ಬಂದವರು. ಸರದಾರರನ್ನೂ ವಕೀಲರನ್ನೂ ಬರೆದು ಹೆಸರಾದವರು. ಹೊರಗೆ ಮರಾಠಿ, ನಮ್ಮಂಥವರ ಜೊತೆ ನಮ್ಮದೇ ಕನ್ನಡ. ಫೋಟೋ ಇಸಿದುಕೊಳ್ಳಲು ಅವರೇ ಮನೆಗೆ ಬಂದರು. ಕಿಟಕಿಯ ಹತ್ತಿರ ಹೋಗಿ, ಫೋಟೋವನ್ನು ಬಹಳ ಹೊತ್ತು ನೋಡಿದರು.

"ಇದರಾಗ ಬೆಳಕು, ನೆರಳು ಅಷ್ಟ ಸಿಗತಾವ. ಬಣ್ಣ ನೀವ ಹೇಳಬೇಕು. ಹೆಂಗಿದ್ರು ಇವರು?"

"ಕೇದಗಿ ಬಣ್ಣ," ಎಂದಳು ಅಜ್ಜಿ ಬಾಗಿಲ ಮರೆಯಿಂದ.

ಮಾಸ್ತರರು ಅಪ್ಪನ ಮುಖ ನೋಡಿದರು. ಅಪ್ಪ, "ಅವ್ವ ಹೇಳಿಧಂಗ ಮಾಡ್ರಿ" ಎಂದರು.

"ಮುಖಕ್ಕ ಪೌಡರ್ ಬಡದಾರ ಇಲ್ಲೆ," ಎಂದರು ಮಾಸ್ತರರು. "ಆವಾಗಿನ ಫೋಟೋದವರು ಹೆಣ್ಣಮಕ್ಕಳನ್ನ ಹಂಗ ನಿಂದ್ರಸ್ತಿರಲಿಲ್ಲ, ಪೌಡರ್ ಬಡದ ನಿಂದ್ರಸ್ತಿದ್ರು. ಕೈಗೆ ಬಡಿಯೂದು ಯಾರಿಗೂ ನೆನಪಾಗತಿರಲಿಲ್ಲ. ಈ ಕೈ ನೋಡ್ರಿ, ಮುಖದಕಿಂತ ಎಷ್ಟು ಕಪ್ಪದ."

ಅದೇ ಫೋಟೋವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಮುಖವನ್ನು ನೋಡಿದ್ದೆ, ಕೈಯನ್ನು ನೋಡಿರಲಿಲ್ಲ.

ಒಳಗಿನಿಂದ ತಡವಿಲ್ಲದೆ ಅಜ್ಜಿಯ ದನಿ ಬಂತು. "ಕೈ ನೆರಳಿನಾಗ ಅದ. ಅದಕ್ಕ ಹಂಗ ಕಾಣಸ್ತದ."

"ಹಂಗೂ ಇರಬಹುದ್ರಿ, ಆಯಿಯವರ," ಎಂದು ಮಾಸ್ತರರು ಫೋಟೋವನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. ಹೊರಡುವ ಮುಂಚೆ ಅಪ್ಪನಿಗೆ ಹೇಳಿದರು, "ಸೀರಿ ನಿರಿಗಿಗೆ, ಕೈಗೆ ಜೀವಂತ ಮನಷ್ಯಾರು ಬೇಕು. ಫೋಟೋ ನೋಡಿ ಬರದ್ರ ಕೈ ಕಟಗಿ ಆಗ್ತದ. ಮಗಳನ್ನ ಕರಕೊಂಡು ಬರ್ರಿ, ತಾಯಿ ಸೀರಿ ಉಡಿಸಿ."

ಹೀಗೆ ಆ ಬೇಸಗೆಯ ರಜಾ ದಿನಗಳಲ್ಲಿ ನಾನು ಅಪ್ಪನ ಹಿಂದೆ ಟಾಂಗಾದಲ್ಲಿ ಕೂತು ಮಾಸ್ತರರ ಮಾಳಿಗೆಗೆ ಹೋಗುತ್ತಿದ್ದೆ. ಟ್ರಂಕಿನ ತಳದಲ್ಲಿದ್ದ ಅವ್ವನ ಇಳಕಲ್ ಸೀರೆ ತೆಗೆದರು. ಅದಕ್ಕೆ ಬೇವಿನೆಲೆಯ ವಾಸನೆ ಅಂಟಿತ್ತು. ಉಟ್ಟುಕೊಂಡು ನಿಂತಾಗ ಅಜ್ಜಿ ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಖ ತಿರುಗಿಸಿ ದೇವರ ಕೋಣೆಗೆ ಹೋದಳು. ಬೈಗುಳಕ್ಕೆ ಕಾರಣ ಹುಡುಕದೆ ಅವಳು ಎದ್ದುಹೋದದ್ದು ನನಗೆ ಅಚ್ಚರಿಯಾಯಿತು.

ಮಾಸ್ತರರ ಕೋಣೆಗೆ ಉತ್ತರಕ್ಕೆ ಒಂದು ದೊಡ್ಡ ಕಿಟಕಿ. ಅಗಸೆ ಎಣ್ಣೆಯ ಮತ್ತು ಟರ್ಪೆಂಟೈನಿನ ವಾಸನೆ ಮೂಗಿಗೆ ಏರುತ್ತಿತ್ತು. ನಾನು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಫೋಟೋದಲ್ಲಿದ್ದಂತೆ ನಿಲ್ಲುವುದು, ಅಪ್ಪ ಹೊರಗಿನ ಮೊಗಸಾಲೆಯಲ್ಲಿ ಬೆನ್ನು ತಿರುಗಿಸಿ ಪತ್ರಿಕೆ ಓದುವುದು. ನಕಾಶೆಯಲ್ಲಿ ಕೂದಲೆಳೆಯಷ್ಟು ಗೆರೆ ತಪ್ಪಿದರೂ ಕಂಡುಹಿಡಿಯುವ ಮನುಷ್ಯ ಆ ಕ್ಯಾನ್ವಾಸಿನ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ.

ಮಾಸ್ತರರು ಮೊದಲು ಕಂದು ಮಣ್ಣಿನ ಒಂದೇ ಬಣ್ಣದಲ್ಲಿ ಇಡೀ ಆಕೃತಿ ಬರೆದರು. ಎಲ್ಲಿ ಬೆಳಕು, ಎಲ್ಲಿ ನೆರಳು ಅಷ್ಟೇ. ಅದು ಒಣಗಿದ ಮೇಲೆ ಮುಖಕ್ಕೂ ಕೈಗೂ ತೆಳ್ಳಗೆ ಹಸಿರು ಸವರಿದರು. ನನಗೆ ನಗು ಬಂತು, ಅವ್ವ ಕೊಳದ ಪಾಚಿಯಂತೆ ಕಾಣುತ್ತಿದ್ದಳು. ಹೀಗೇಕೆ ಎಂದು ಕೇಳಿದೆ.

"ನಿನ್ನ ಕಣತಲಿ ನೋಡಿಕೋ ತಂಗಿ, ಕನ್ನಡಿ ಅಲ್ಲೆ ಅದ. ತೊಗಲಿನ ಕೆಳಗ ನರದ ಹಸಿರು ಇರತದ. ಅದನ್ನ ಮೊದಲ ಹಾಕಬೇಕು, ಅದರ ಮ್ಯಾಲೆ ರಕ್ತ, ಅದರ ಮ್ಯಾಲೆ ತೊಗಲು. ದೇವರು ಹೆಂಗ ಕಟ್ಯಾನ, ಹಂಗ ಕಟಗೋತ ಬರಬೇಕು."

ಕನ್ನಡಿಯಲ್ಲಿ ನೋಡಿದೆ. ಇತ್ತು. ಇಷ್ಟು ದಿನ ನನಗೆ ಕರಿ ಎಂಬ ಒಂದೇ ಮಾತು ಗೊತ್ತಿತ್ತು. ಕಣ್ಣಿನ ಪಕ್ಕದ ಕಣತಲೆಯಲ್ಲಿ ಸಣ್ಣ ಹಸಿರು, ಮೂಗಿನ ತುದಿಯಲ್ಲಿ ಕಾವಿ, ಕೆನ್ನೆಯಲ್ಲಿ ತಾಮ್ರ, ಗದ್ದದ ಕೆಳಗೆ ಸೆರಗಿನ ಕೆಂಪು ತಾಗಿ ಬಂದ ಬಣ್ಣ. ಹಣೆಯ ಮೇಲೆ ಬೆಳಕು ಬಿದ್ದ ಕಡೆ ನೀಲಿ. ಅದು ಆಕಾಶದ್ದಂತೆ, ಉತ್ತರದ ಕಿಟಕಿಯಿಂದ ಬಂದು ಹಣೆಯ ಮೇಲೆ ಕೂತಿತ್ತು.

ಹಾಗೆಯೇ ಒಂದೊಂದು ತೆಳು ಪದರು ಏರತೊಡಗಿತು. ಮಾಸ್ತರರು ನನ್ನ ಕೈ ನೋಡುತ್ತ ಕ್ಯಾನ್ವಾಸಿನ ಮೇಲೆ ಅವ್ವನ ಕೈ ಬರೆದರು. ಬೆರಳಿನ ಗೆಣ್ಣು ಗಾಢವಾಗಿ, ಉಗುರು ಗುಲಾಬಿಯಾಗಿ, ಅಂಗೈಯ ಅಂಚು ತಿಳಿಯಾಗಿ ಬಂತು. ನಾನು ಅವರ ಬಣ್ಣದ ಹಲಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಕಾವಿ ಇತ್ತು, ಹಳದಿ ಮಣ್ಣು ಇತ್ತು, ನೀಲಿ ಇತ್ತು, ಹಸಿರು ಇತ್ತು.

"ಕರಿ ಎಲ್ಲೆ ಅದ ಮಾಸ್ತರ್ರ?" ಎಂದೆ.

"ಕರಿ ಯಾಕ ಬೇಕು? ಮನಷ್ಯಾರ ತೊಗಲಿನಾಗ ಕರಿ ಬಣ್ಣ ಇರೂದುಲ್ಲ ತಂಗಿ. ಹಾಕಿದ್ರ ಹೆಣ ಆಗ್ತದ. ಬಿಳೇದೂ ಭಾಳ ಬೆರಸಬಾರದು, ಬೂದಿ ಬಡಕೊಂಡಂಗ ಕಾಣಸ್ತದ. ಬೆಳ್ಳಗ ಇದ್ದವರನ್ನ ಬರಿಯೂದು ಸಸಾರ, ಬೆಳಕು ಅವರ ಮ್ಯಾಲೆ ಹರದ ಹೋಗ್ತದ. ನಿನ್ನಂಥವರ ಮುಖದಾಗ ಬೆಳಕು ನಿಂದರತದ. ನಿಂತದ್ದನ್ನ ಹಿಡಿಯಾಕ ಕೈ ಪಳಗಿರಬೇಕು."

ಆ ಮಾತನ್ನು ನಾನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದೆ. ನಾನು ಚೆಂದ ಇದ್ದೇನೆಂದು ಅವರು ಹೇಳಲಿಲ್ಲ, ಹೇಳಿದ್ದರೆ ನಂಬುತ್ತಲೂ ಇರಲಿಲ್ಲ. ನನ್ನನ್ನು ಬರೆಯುವುದು ಕಷ್ಟ ಎಂದರು. ಅಷ್ಟು ಗೌರವ ನನಗೆ ಆವರೆಗೆ ಯಾರೂ ಕೊಟ್ಟಿರಲಿಲ್ಲ.

ಕೈ ಮುಗಿದ ಮೇಲೆ ಮುಖಕ್ಕೆ ಬಂದರು. ಕಣ್ಣು, ಮೂಗು, ತುಟಿಯ ಗೆರೆಯೆಲ್ಲ ಫೋಟೋದ್ದು, ಬಣ್ಣ ಕೈಯದೇ. ಅಜ್ಜಿ ಹೇಳಿದ ಕೇದಗೆಯ ಬಣ್ಣ ಎಲ್ಲಿಯೂ ಕಾಣಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ, ಕೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂದು. ಕೊನೆಗೆ ಅವರು ಕಣ್ಣುಗಳಲ್ಲಿ ಬೆಳಕಿನ ಚುಕ್ಕಿ ಇಟ್ಟರು. ಕ್ಯಾನ್ವಾಸಿನಿಂದ ಕಪ್ಪಗಿನ ಒಬ್ಬ ಹುಡುಗಿ, ನನಗಿಂತ ಸ್ವಲ್ಪ ದೊಡ್ಡವಳು, ನನ್ನನ್ನು ನೋಡಿದಳು. ನಾನು ಅಳತೊಡಗಿದೆ. ಅವ್ವ ಸತ್ತದ್ದಕ್ಕೆ ನಾನು ಅತ್ತದ್ದು ಅದೇ ಮೊದಲು.

ಅಳುವ ಸದ್ದಿಗೆ ಅಪ್ಪ ಒಳಗೆ ಬಂದರು. ಬಂದವರು ಚಿತ್ರ ನೋಡಿದರು. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಟೊಪ್ಪಿಗೆಯನ್ನು ಮತ್ತೆ ಇಟ್ಟುಕೊಂಡು ಮಾಸ್ತರರಿಗೆ ಹೇಳಿದ್ದು ಇಷ್ಟೇ.

"ಅವ್ವ ಹೇಳಿದ ಬಣ್ಣ ಹಾಕ್ರಿ."

"ಅಪ್ಪಾ, ಅವ್ವ ಹಿಂಗ ಇದ್ಲೇನು? ಒಂದ ಮಾತು ಹೇಳ್ರಿ," ಎಂದು ನಾನು ಕೇಳಿದೆ. ಅವರು ಮೆಟ್ಟಿಲು ಇಳಿಯುತ್ತ, "ಟಾಂಗಾ ಬಂದದ ನಡಿ" ಎಂದರು. ತಾಯಿಗೆ ಎದುರಾಡದ ಮಗ ಎಂದು ಅಪ್ಪನನ್ನು ಊರೆಲ್ಲ ಹೊಗಳುತ್ತಿತ್ತು. ಆ ಮಾಳಿಗೆಯ ಮೇಲೆ ಅವರು ಒಂದು ಹೂಂ ಅಂದಿದ್ದರೆ ನನಗೆ ಸಾಕಾಗಿತ್ತು. ಅಪ್ಪನ ಮೇಲಿನ ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಬಣ್ಣ ಒಣಗಲು ಮಳೆಗಾಲ ಕಳೆಯಬೇಕಾಯಿತು. ದಸರೆಯ ಮುಂಚೆ ಮಾಸ್ತರರು ಕೊನೆಯ ಸಲ ಕರೆಸಿದರು, ಸೀರೆಯ ಅಂಚು ಸರಿಮಾಡುವುದಿತ್ತು. ಅವತ್ತು ನನ್ನ ಮುಂದೆಯೇ ಅವ್ವನ ಮುಖಕ್ಕೆ ಮೊದಲು ವಾರ್ನಿಶ್ ಸವರಿದರು. ಅದು ಒಣಗಿದ ಮೇಲೆ ಬಿಳಿಯನ್ನೂ ಗುಲಾಬಿಯನ್ನೂ ಕಲಸಿ ಅದರ ಮೇಲೆ ಬೆಳ್ಳಗಿನ ಇನ್ನೊಂದು ಮುಖ ಬರೆಯುವುದಿತ್ತು. ನನಗೆ ತಡೆಯಲಾಗಲಿಲ್ಲ. ಸುಳ್ಳು ಬರೆಯುವುದಿದ್ದರೆ ಖರೆ ಮುಖ ಯಾಕೆ ಬರೆದಿರಿ ಎಂದು ಕೇಳಿಯೇಬಿಟ್ಟೆ. ದೊಡ್ಡವರಿಗೆ ಹಾಗೆ ಕೇಳಬಾರದು, ಗೊತ್ತು.

ಅವರು ಸಿಟ್ಟಾಗಲಿಲ್ಲ. "ನಂದೊಂದು ರೂಢಿ ಅದು," ಎಂದರು. "ಎಲ್ಲಾರೂ ಬೆಳ್ಳಗ ಮಾಡ್ರಿ ಅಂತಾರ. ನಾ ಮೊದಲ ಇದ್ದಂಗ ಬರೀತೀನಿ. ಅದರ ಮ್ಯಾಲೆ ವಾರ್ನಿಶ್. ಅದರ ಮ್ಯಾಲೆ ಅವರಿಗೆ ಬೇಕಾದ ಬಣ್ಣ. ನಡುವ ವಾರ್ನಿಶ್ ಇದ್ದರ ಮ್ಯಾಲಿಂದು ಸ್ಪಿರಿಟ್ ಹಚ್ಚಿ ವರಸಿದ್ರ ಬಂದಬಿಡತದ, ಕೆಳಗಿಂದಕ್ಕ ಏನೂ ಆಗೂದುಲ್ಲ. ಯಾರರೆ ಒಂದಿನ ಬಂದು, ನಮ್ಮವರ ಮುಖ ನಮಗ ಕೊಡ್ರಿ ಅಂದ್ರ ಕೊಡಾಕ ಬರಬೇಕಲ್ಲಾ."

"ಯಾರರೆ ಬಂದಾರೇನ್ರಿ?"

"ಇಲ್ಲಿತನಾ ಯಾರೂ ಬಂದಿಲ್ಲ."

ಹಾಗಾದರೆ ಪುಣೆಯ ದಿವಾಣಖಾನೆಗಳಲ್ಲಿ ಕೂತ ಆ ಹಾಲಿನ ಬಣ್ಣದ ಅಜ್ಜಂದಿರಲ್ಲಿ ಎಷ್ಟೋ ಮಂದಿಯ ಒಳಗೆ ಅವರವರ ಮುಖ ಮುಚ್ಚಿಕೊಂಡು ಕೂತಿದೆ. ಮನೆಗೆ ಹಿಂದಿರುಗುವಾಗ ಟಾಂಗಾದಲ್ಲಿ ನನಗೆ ಇದೊಂದೇ ಯೋಚನೆ.

ದೀಪಾವಳಿಗೆ ಚಿತ್ರ ಮನೆಗೆ ಬಂತು, ಜೊತೆಗೆ ಮಾಸ್ತರರೂ ಬಂದರು. ಇಬ್ಬರು ಹಮಾಲರು ಹೊತ್ತು ತಂದು ಹೊರಗಿನ ಕೋಣೆಯ ಗೋಡೆಗೆ ಏರಿಸಿದರು. ಕೇದಗೆಯ ಬಣ್ಣದ ಮುಖ. ಚೆಂದವಾಗಿಯೇ ಇತ್ತು, ಸುಳ್ಳು ಹೇಳಬಾರದು. ಅಜ್ಜಿ ಹತ್ತಿರ ಬಂದು, ಹುಬ್ಬಿಗೆ ಕೈಯಿಟ್ಟು ನೋಡಿ ತಲೆದೂಗಿದಳು. ಆಮೇಲೆ ಅವಳ ಕಣ್ಣು ಕೆಳಗೆ ಇಳಿಯಿತು. ಕುರ್ಚಿಯ ಬೆನ್ನಿನ ಮೇಲೆ ನನ್ನ ಬಣ್ಣದ ಕೈ ಹಾಗೆಯೇ ಇತ್ತು.

"ಕೈ ಯಾಕ ಹಿಂಗ ಬಿಟ್ಟೀರಿ?"

"ನೆರಳಿನಾಗ ಅದ ಅಲ್ಲರೀ ಆಯಿಯವರ, ನೀವ ಹೇಳಿದ್ರಲ್ಲಾ," ಎಂದರು ಮಾಸ್ತರರು, ಬಹಳ ವಿನಯದಿಂದ. ಅಜ್ಜಿ ಜೀವಮಾನದಲ್ಲಿ ಮಾತಿಗೆ ಸೋತದ್ದನ್ನು ನಾನು ಕಂಡದ್ದು ಆಗ ಒಮ್ಮೆ. ತಿರುಗಿ ಒಳಗೆ ಹೋದಳು.

ಅಲ್ಲಿಂದ ನಾನು ದಿನಾ ಹೊರಗಿನ ಕೋಣೆ ಗುಡಿಸುವಾಗ ಆ ಕೈಯನ್ನು ಮುಟ್ಟುತ್ತಿದ್ದೆ. ಮುಖದ ಕಡೆ ನೋಡುತ್ತಿರಲಿಲ್ಲ. ಕೈಯಾದರೂ ಅವಳದೇ ಅಂತ ಒಂದು ಮನಸ್ಸು. ಅದು ನಿನ್ನ ಕೈ ನೋಡಿ ಬರೆದದ್ದು, ಹುಚ್ಚಿ, ಅಂತ ಇನ್ನೊಂದು ಮನಸ್ಸು. ಹೌದಲ್ಲ, ಮಾಸ್ತರರು ಏನು ಅವ್ವನನ್ನು ಕಂಡಿದ್ದರೇ? ಪೌಡರಿನ ಮಾತು ಅವರ ಊಹೆ. ಕಂಡವರು ಇಬ್ಬರೇ ಉಳಿದಿದ್ದರು, ಒಬ್ಬರು ಬಾಯಿ ಬಿಡುತ್ತಿರಲಿಲ್ಲ, ಇನ್ನೊಬ್ಬಳು ಬಾಯಿ ಬಿಟ್ಟರೆ ಕೇದಗೆ.

ತುಳಸಿ ಲಗ್ನ ಮುಗಿದು ಮದುವೆಯ ಕಾಲ ಬಂತು. ಸೊಲ್ಲಾಪುರದ ಒಂದು ಮನೆತನದವರು ರೈಲಿನಲ್ಲಿ ದೌಂಡದ ಮೇಲೆ ಹಾದು ನನ್ನನ್ನು ನೋಡಲು ಬಂದರು. ಹುಡುಗ, ಅವನ ತಂದೆ, ತಾಯಿ. ಅಜ್ಜಿ ಎಂದಿನಂತೆ ನಡುಮನೆಯ ಬಾಗಿಲ ಮರೆಯಲ್ಲಿ ಮಣೆಯ ಮೇಲೆ. ನಾನು ಅವಲಕ್ಕಿ ಕೊಟ್ಟು, ನಮಸ್ಕಾರ ಮಾಡಿ ತಲೆ ತಗ್ಗಿಸಿ ಕೂತೆ. ಹುಡುಗನ ತಾಯಿ ನನ್ನನ್ನು ನೋಡಿದರು, ಗೋಡೆಯ ಚಿತ್ರವನ್ನು ನೋಡಿದರು.

"ತಾಯಿಯವರು ಏನ್ರಿ? ಭಾಳ ಕೆಂಪ ಇದ್ರಲ್ಲಾ," ಎಂದರು. ಅಪ್ಪ ನೆಲ ನೋಡಿದರು. ಅಜ್ಜಿ ಬಯಸಿದ್ದು ಸರಿಯಾಗಿ ಇದೇ ಮಾತು. ಎಲ್ಲ ಅವಳು ಹೂಡಿದಂತೆಯೇ ನಡೆಯುತ್ತಿತ್ತು.

ಆಕೆ ಎದ್ದು ಚಿತ್ರದ ಹತ್ತಿರ ಹೋದರು. ಬಗ್ಗಿ ನೋಡಿ ನಕ್ಕರು. "ಮುಖ ಏನ ಛಲೋ ತಗದಾನ. ಆದ್ರ ಕೈ ಕೆಡಿಸ್ಯಾನ ನೋಡ್ರಿ. ಮಸಿ ಹತ್ತಿಧಂಗ ಅದ. ಮೈಲಿಗಿ ಕೈ ಅನಸ್ತದ."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಅದು, ಬಾಯಿಗೆ ಬಂದ ಮಾತು. ಆದರೆ ಬಾಗಿಲ ಮರೆಯಲ್ಲಿ ಮಣೆ ಸರಿದ ಸದ್ದಾಯಿತು. ಯಾವ ಶುಭಕಾರ್ಯದಲ್ಲೂ ಹೊಸ್ತಿಲು ದಾಟದ ಅಜ್ಜಿ, ಬೋಳುತಲೆಯ ಮೇಲೆ ಕೆಂಪು ಸೆರಗು ಎಳೆದುಕೊಂಡು ಹೊರಗಿನ ಕೋಣೆಗೆ ಬಂದು ನಿಂತಳು. ಬಂದವರು ಬೆಚ್ಚಿ ಎದ್ದುನಿಂತರು. ಅಪ್ಪ "ಅವ್ವಾ" ಎಂದರು.

"ಕೈ ಕೆಡಿಸಿಲ್ರಿ," ಎಂದಳು ಅಜ್ಜಿ. ದನಿ ಏರಿಸಲಿಲ್ಲ. "ಅಂವ ಖರೆ ಬರದದ್ದು ಅದೊಂದ. ಮುಖ ಕೆಡಿಸಿದಾಕಿ ನಾನು. ನನ್ನ ಸೊಸಿ ಕರಿ ಇದ್ಲು. ಥೇಟ್ ಈ ಹುಡುಗಿ ಹಂಗ ಇದ್ಲು. ನಾ ಜ್ವರದಾಗ ಬಿದ್ದಾಗ ಮನಿ ಮಂದಿ ಎಲ್ಲಾ ಬಾಗಲದಾಗ ನಿಂತ್ರು, ಒಳಗ ಬರಲಿಲ್ಲ. ಆ ಕೈಯೊಂದ ನನ್ನ ಹಣಿ ಮ್ಯಾಲೆ ಇತ್ತು, ಒದ್ದಿ ಅರಬಿ ಹಿಡಕೊಂಡು, ಹಗಲೂ ರಾತ್ರಿ. ನಾ ಎದ್ದೆ. ಆಕಿ ಮಲಗಿದ್ಲು. ಅದಕ್ಕ ಮೈಲಿಗಿ ಅನಬ್ಯಾಡ್ರಿ."

ನನಗೆ ಬೇರೇನೂ ಕೇಳಲಿಲ್ಲ, ಥೇಟ್ ಈ ಹುಡುಗಿ ಹಂಗ ಎಂಬುದೊಂದೇ ಕಿವಿಯಲ್ಲಿ ತಿರುಗುತ್ತಿತ್ತು. ಸೊಲ್ಲಾಪುರದವರು ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು, ರೈಲಿಗೆ ಹೊತ್ತಾಯಿತೆಂದು ಹೊರಟರು. ಅವರನ್ನು ದೂರಲಾರೆ. ನನ್ನ ಮದುವೆ ಆಮೇಲೆ ಬೇರೆ ಕಡೆ ಆಯಿತು, ಅದು ಬೇರೆಯೇ ಕಥೆ.

ಅವರು ಹೋದ ಮೇಲೆ ಅಜ್ಜಿ ಅಲ್ಲಿಯೇ ನೆಲದ ಮೇಲೆ ಕೂತಳು. ನಾನು ಹತ್ತಿರ ಹೋಗಿ ಕೂತೆ. ಅವಳು ಚಿತ್ರದ ಕಡೆ ನೋಡುತ್ತ ಹೇಳಿದಳು.

"ಬದುಕಿದ್ದಾಗ ಕರೀಕಿ ಅಂತ ಕರದೆ. ಸತ್ತ ಮ್ಯಾಲೆ ಕೆಂಪ ಮಾಡಿದೆ. ಆಕಿ ಎರಡಕ್ಕೂ ಒಂದ ಮಾತು ಅನಲಿಲ್ಲ."

"ಮುಖ ಒಳಗ ಅದ ಅಜ್ಜಿ," ಎಂದೆ. ಮಾಸ್ತರರ ರೂಢಿಯನ್ನು, ವಾರ್ನಿಶಿನ ಮಾತನ್ನು ಹೇಳಿದೆ. ಅವಳು ನಂಬದೆ ನನ್ನನ್ನು ನೋಡಿದಳು, ಆಮೇಲೆ ಅಪ್ಪನನ್ನು. ಅಪ್ಪ ಕಣ್ಣೊರೆಸಿಕೊಂಡು, "ಹೌದವ್ವಾ. ನಾ ನೋಡೇನಿ. ಥೇಟ್ ಆಕಿನ" ಎಂದರು. ನಾನು ಅವರಿಂದ ಮಾಳಿಗೆಯ ಮೇಲೆ ಕೇಳಿದ್ದ ಹೂಂ ಇಷ್ಟು ದಿನಗಳ ಮೇಲೆ ಬಂತು. ಆದರೂ ಬಂತು.

ಮಾಸ್ತರರನ್ನು ಕರೆಸಿದರು. ಚಿತ್ರವನ್ನು ಇಳಿಸಿ ಕಿಟಕಿಯ ಹತ್ತಿರ ಗೋಡೆಗೆ ಒರಗಿಸಿದರು. ಮಾಸ್ತರರು ಶೀಸೆಯ ಸ್ಪಿರಿಟಿಗೆ ತುಸು ಟರ್ಪೆಂಟೈನ್ ಬೆರಸಿ, ಅರಳೆ ಅದ್ದಿ, ಗದ್ದದ ಹತ್ತಿರ ಮೆಲ್ಲಗೆ ಒರೆಸಿದರು. ಕೇದಗೆಯ ಬಣ್ಣವೆಲ್ಲ ಅರಳೆಗೆ ಬಂತು. ಅದರ ಕೆಳಗೆ ಸೆರಗಿನ ಕೆಂಪು ತಾಗಿದ ಅವ್ವನ ಗದ್ದ ಕಂಡಿತು. ಕೆನ್ನೆ ಕಂಡಿತು, ಮೂಗು ಕಂಡಿತು.

ಹಣೆಗೆ ಬರುವಷ್ಟರಲ್ಲಿ ಅಜ್ಜಿ ಮುಂದೆ ಬಂದು ಕೈ ಚಾಚಿದಳು. "ಕೊಡ್ರಿಲ್ಲೆ."

"ಮಡಿಯಾಗ ಇದ್ದೀರಿ, ಆಯಿಯವರ. ಇದು ಸ್ಪಿರಿಟು."

"ಸ್ನಾನ ಮಾಡ್ತೀನಿ ಆಮ್ಯಾಲೆ. ಕೊಡ್ರಿ."

ಅರಳೆ ಇಸಿದುಕೊಂಡು ಅವ್ವನ ಹಣೆ ಒರೆಸತೊಡಗಿದಳು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಹಣೆಗೆ ಒದ್ದೆ ಬಟ್ಟೆ ಹಾಕುವುದು ಅಜ್ಜಿಯೇ, ಬೇರೆಯವರಿಗೆ ಬಿಡುತ್ತಿರಲಿಲ್ಲ. ಕೈ ಅದೇ ಚಾಳಿಯಲ್ಲಿ ಹೋಗುತ್ತಿತ್ತು, ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ. ಬೆಳ್ಳಗಿನದು ಹೋಗಿ ಹಣೆಯ ಮೇಲಿನ ಆಕಾಶದ ನೀಲಿ ಕಂಡಿತು. ಅವಳು ನಿಲ್ಲಿಸಲಿಲ್ಲ. ಕಣತಲೆಯ ಹತ್ತಿರ ಗಟ್ಟಿಯಾಗಿ ಉಜ್ಜಿದಳು; ಅಲ್ಲಿ ಕೆಳಗಿನ ಬಣ್ಣವೂ ಸವೆದು ಕ್ಯಾನ್ವಾಸಿನ ನೂಲು ಕಂಡಿತು. ಮಾಸ್ತರರು "ಸಾಕ್ರಿ" ಎಂದು ಅವಳ ಕೈಯಿಂದ ಅರಳೆ ತೆಗೆದುಕೊಂಡರು. ಆ ಸವೆದ ಜಾಗವನ್ನು ಸರಿಮಾಡಿಕೊಡುತ್ತೇನೆ ಎಂದರು. ಅಪ್ಪ ಬೇಡ ಎಂದರು. ಚಿತ್ರ ಈಗ ನನ್ನ ಮನೆಯಲ್ಲಿದೆ, ಆ ಜಾಗ ಹಾಗೆಯೇ ಇದೆ.

ಅಜ್ಜಿ ಸರಿದು ಹೋಗಲಿಲ್ಲ. ಜ್ವರ ಬಂದ ನಮ್ಮ ಹಣೆಗೆ ಇಡುತ್ತಿದ್ದ ಹಾಗೆ, ಅಂಗೈಯನ್ನು ತಿರುಗಿಸಿ ಅದರ ಹಿಂಬದಿಯನ್ನು ಅವ್ವನ ಹಣೆಯ ಮೇಲೆ ಇಟ್ಟಳು. ಸ್ಪಿರಿಟು ಆರುತ್ತಿತ್ತು.

"ತಣ್ಣಗ ಆತು," ಎಂದಳು. ಮಡಿಸೀರೆ ಕೊಡು ಎಂದು ನನಗೆ ಹೇಳಿ ಬಚ್ಚಲಿಗೆ ಹೋದಳು.